ಆರನೇ ಕಾಲೇಜಿಗೆ ಮೂರು ಕರೆ

ಕಾನಿ: ಬೇಡ ಅಂದ್ರು ಕಣ್ರೀ ಆರ್ಡಿಸ್, ಬೇಡ ಅಂದ್ರು! ಅದರಲ್ಲಿ ಇನ್ನೇನು ಅರ್ಥ ಹುಡುಕ್ತೀರಿ?

ಆರ್ಡಿಸ್: ಎಷ್ಟು ಸಲ ಅಂದ್ರು?

ಕಾನಿ: ಎಷ್ಟು ಸಲ ಅಂದ್ರೆ? ಒಂದೇ ಸಲ. ಒಂದು ಮಾತನ್ನ ಮನುಷ್ಯ ಎಷ್ಟು ಸಲ ಹೇಳ್ಬೇಕು?

ಆರ್ಡಿಸ್: ಹಾಗಾದ್ರೆ ಅವರು ಇನ್ನೂ ಏನೂ ಹೇಳಿಲ್ಲ.

ಕಾನಿ: ಹೇಳಿದ್ರು ಅಂತಿದೀನಲ್ಲ! ನನ್ನ ಈ ಕಿವಿಯಿಂದಲೇ ಕೇಳಿದೀನಿ.

ಆರ್ಡಿಸ್: ಕೇಳಿರ್ತೀರಿ. ಕೇಳಿಲ್ಲ ಅಂತ ನಾನೇನೂ ಅಂದಿಲ್ಲ.

ಇದು ನಡೆದದ್ದು ಎಲ್ಕ್ ಸ್ಲೂ ಊರಿನ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ, ಮಾರ್ಚ್ ತಿಂಗಳ ಕೊನೆಯ ಶುಕ್ರವಾರ, ಮಧ್ಯಾಹ್ನ ಎರಡೂವರೆಗೆ. ಅಮೆರಿಕದ ಮಿನೆಸೋಟ ರಾಜ್ಯದ ಪಶ್ಚಿಮ ಮೂಲೆಯ ಆರು ಸಣ್ಣ ಕಾಲೇಜುಗಳು ಕಟ್ಟಿಕೊಂಡ ವಿಲ್ಲೋ ಕಣಿವೆ ಕ್ರೀಡಾ ಒಕ್ಕೂಟದ ಕಚೇರಿ ಇರುವುದು ಅಲ್ಲೇ. ಆರು ಎಂದೆನೇ? ತಪ್ಪಾಯಿತು. ಜನವರಿಯಲ್ಲಿ ಸೇಂಟ್ ಆಫ್ರಾ ಕಾಲೇಜಿನ ಸನ್ಯಾಸಿನಿಯರು ಬಿಟ್ಟುಹೋದ ಮೇಲೆ ಐದು. ಐದಾದರೆ ಏನು ಮುಳುಗಿತು ಎಂದು ಕೇಳುತ್ತೀರಿ. ಆರಕ್ಕಿಂತ ಕಡಿಮೆಯಾದರೆ ರಾಷ್ಟ್ರೀಯ ಸಂಘದವರ ಪಾಲಿಗೆ ನಾವು ಒಕ್ಕೂಟವೇ ಅಲ್ಲ. ನಮ್ಮಲ್ಲಿ ಗೆದ್ದ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ಮುಚ್ಚುತ್ತದೆ, ಆಮೇಲೆ ಉಳಿದ ಐದೂ ದಿಕ್ಕಾಪಾಲಾಗುತ್ತವೆ. ಆರನೆಯ ಕಾಲೇಜಿನ ಸಹಿ ಇರುವ ಅರ್ಜಿ ಅಂದು ಸಂಜೆ ಐದರೊಳಗೆ ಅವರಿಗೆ ತಲುಪಬೇಕಿತ್ತು.

ಕಾನಿ ರುಜಿಯೆರೊ ನಮ್ಮ ಕಮಿಷನರ್. ನ್ಯೂಜೆರ್ಸಿಯ ನ್ಯೂಆರ್ಕ್ ಕಡೆಯವಳು, ಕಡ್ಡಿ ಮುರಿದಂತೆ ಮಾತಾಡುವವಳು, ಇಲ್ಲಿಗೆ ಬಂದು ಎಂಟು ತಿಂಗಳು. ಮೊದಲ ವರ್ಷ ಸುಸೂತ್ರವಾಗಿ ಮುಗಿದರೆ ಕೆಲಸ ಕಾಯಂ, ಇಲ್ಲದಿದ್ದರೆ ವಾಪಸ್ಸು ಅಣ್ಣನ ಟೈರ್ ಅಂಗಡಿಗೆ. ತೊಂಬತ್ತು ವರ್ಷ ಬಾಳಿದ ಒಕ್ಕೂಟ ಯಾರ ಕೈಯಲ್ಲಿ ಸತ್ತಿತು ಎಂದರೆ ಜನ ತನ್ನ ಹೆಸರು ಹೇಳುತ್ತಾರಲ್ಲ ಎಂಬ ಹೆದರಿಕೆ ಅವಳಿಗೆ. ಆರ್ಡಿಸ್ ಸ್ಕೋಗ್ಮೋ ಮೂವತ್ತನಾಲ್ಕು ವರ್ಷದಿಂದ ಇಲ್ಲಿನ ಸೆಕ್ರೆಟರಿ. ಅಪ್ಪಟ ನಾರ್ವೇ ಮೂಲದ ಲೂಥರನ್ ಪಂಥದ ಕ್ರೈಸ್ತ ಹೆಂಗಸು, ಅವಳ ಮಾತೆಲ್ಲ ಅಡ್ಡಗೋಡೆಯ ಮೇಲಿಟ್ಟ ದೀಪ. ನಾನು, ಎಲ್ರಾಯ್, ಮೂಲೆಯ ಮೇಜಿನಲ್ಲಿ ಕೂತು ಪಂದ್ಯಗಳ ಅಂಕಿ ಅಂಶ ಬರೆಯುವವನು. ಇವರಿಬ್ಬರ ನಡುವೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವುದನ್ನು ಎಂಟು ತಿಂಗಳಿಂದ ನೋಡುತ್ತಿದ್ದೆ.

ಅಂದು ಜಗಳ ಹತ್ತಿದ್ದು ಹೀಗೆ. ಆರ್ಡಿಸ್ ಏನೋ ಹುಡುಕುತ್ತಾ ಕಾನಿಯ ಫೈಲು ತೆರೆದಳು. ಅದರಲ್ಲಿ ಟೋರ್ಸೆನ್ ಕಾಲೇಜಿನ ಹೆಸರಿನ ಮುಂದೆ 'ನಿರಾಕರಿಸಿದ್ದಾರೆ' ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು.

ಆರ್ಡಿಸ್: ಡಾಕ್ಟರ್ ಟ್ವೈಟನ್ ಏನಂದ್ರು? ಅವರ ಮಾತಲ್ಲೇ ಹೇಳಿ.

ಕಾನಿ: "ಟೋರ್ಸೆನ್ ಕಾಲೇಜು ನಮ್ಮ ಒಕ್ಕೂಟಕ್ಕೆ ಬರತ್ತಾ?" ಅಂತ ಕೇಳಿದೆ. "ಅಯ್ಯೋ, ನಮಗೋಸ್ಕರ ನೀವ್ಯಾಕೆ ಅಷ್ಟು ತೊಂದ್ರೆ ತಗೋತೀರಿ" ಅಂದ್ರು.

ಆರ್ಡಿಸ್: ಅದಕ್ಕೆ ನೀವು?

ಕಾನಿ: "ಸರಿ, ತಗೊಳಲ್ಲ" ಅಂತ ಫೋನಿಟ್ಟೆ.

ಆರ್ಡಿಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಬೇರೆಯವರು ಎದೆ ಬಡಿದುಕೊಂಡು ಅತ್ತರೆ ಎಷ್ಟೋ, ಅವಳು ಕನ್ನಡಕ ಒರೆಸಿದರೆ ಅಷ್ಟು.

ಆರ್ಡಿಸ್: ನೋಡಿ ಕಾನಿ, ನಮ್ಮ ಕಡೆ ಮನೆಗೆ ಬಂದೋರನ್ನ ಕಾಫಿ ಕುಡೀತೀರಾ ಅಂದ್ರೆ ಬೇಡ ಅಂತಾರೆ. ಎರಡನೇ ಸಲ ಕೇಳಿದ್ರೆ ನಿಮಗ್ಯಾಕೆ ಶ್ರಮ ಅಂತಾರೆ. ಮೂರನೇ ಸಲ ಕೇಳಿದ್ರೆ, ಹೇಗೂ ಮಾಡಿದ್ರೆ ಒಂದರ್ಧ ಕಪ್ಪು ಕೊಡಿ ಅಂತಾರೆ.

ಕಾನಿ: ಮೊದಲನೇ ಸಲವೇ ಹೂಂ ಅಂದುಬಿಟ್ರೆ?

ಆರ್ಡಿಸ್: ಅಂಥೋರೂ ಇದ್ದಾರಂತೆ. ಕ್ಯಾಲಿಫೋರ್ನಿಯಾ ಕಡೆ.

ಕಾನಿ: ಇದು ಕಾಫಿ ಅಲ್ಲ ತಾಯೀ! ಫುಟ್ಬಾಲು, ಬಾಸ್ಕೆಟ್‌ಬಾಲು, ವಾಲಿಬಾಲು, ಒಟ್ಟು ಹದಿನಾಲ್ಕು ಆಟ!

ಆರ್ಡಿಸ್: ಒಂದು ಕಪ್ಪು ಕಾಫಿಗೇ ಮೂರು ಸಲ ಬೇಕು. ಹದಿನಾಲ್ಕು ಆಟಕ್ಕೆ ಒಂದೇ ಸಲ ಕೇಳಿ ಫೋನಿಟ್ರಾ?

ಕಾನಿ: ನಮ್ಮ ನ್ಯೂಆರ್ಕ್‌ನಲ್ಲಿ ಮೂರನೇ ಸಲ ಕೇಳಿದ್ರೆ ಪೊಲೀಸರನ್ನ ಕರೀತಾರೆ.

ಆರ್ಡಿಸ್: ಅದೂ ಒಂದು ಬೇರೆ ಥರ.

ಆರ್ಡಿಸ್ ಬಾಯಲ್ಲಿ 'ಬೇರೆ ಥರ' ಎಂದರೆ ಇದಕ್ಕಿಂತ ಕೆಟ್ಟದ್ದು ಭೂಮಿಯ ಮೇಲಿಲ್ಲ ಎಂದರ್ಥ. ಕಾನಿಗೆ ಅದು ಗೊತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಅವಳು ಒಕ್ಕೂಟಕ್ಕೆ ಹೊಸ ಲಾಂಛನ ಬರೆಸಿದ್ದಳು: ಚೆಂಡು ಹಿಡಿದ ವಿಲ್ಲೋ ಮರ. ನೋಡಿದರೆ ಹಲ್ಲುನೋವು ಬಂದ ಆಕ್ಟೋಪಸ್ ಎನ್ನಬೇಕು, ಹಾಗಿತ್ತು. ಹೇಗಿದೆ ಎಂದು ಕೇಳಿದಾಗ ಆರ್ಡಿಸ್ "ಬೇರೆ ಥರ ಇದೆ" ಎಂದಳು. ಕಾನಿ ಹಿಗ್ಗಿಹೋಗಿ ನಾನೂರು ಅಂಗಿಗಳ ಮೇಲೆ ಅಚ್ಚು ಹಾಕಿಸಿದಳು.

ಕಾನಿ: ಹಾಗಾದ್ರೆ ಉಳಿದ ಹತ್ತು ಕಾಲೇಜಿನೋರೂ ಬೇಡ ಅಂದ್ರಲ್ಲ, ಅವರನ್ನೂ ಮತ್ತೆ ಕೇಳ್ಬೇಕಿತ್ತಾ?

ಆರ್ಡಿಸ್: ಅವರು ಹೇಗಂದ್ರು?

ಕಾನಿ: ಒಬ್ಬರು ನಿಮ್ಮ ಬಸ್ ಪ್ರಯಾಣ ನಮಗೆ ಪೂರೈಸಲ್ಲ ಅಂದ್ರು. ಇನ್ನೊಬ್ಬ ಫೋನ್ ಕುಕ್ಕಿದ.

ಆರ್ಡಿಸ್: ಅದು ನಿಜವಾದ ಬೇಡ. ಟ್ವೈಟನ್ ಅವರದ್ದು ಬರೀ ಶುರು.

ಕಾನಿ ಫೋನಿಗೆ ಹಾರಿದಳು. ಟೋರ್ಸೆನ್ ಕಾಲೇಜಿನಲ್ಲಿ ಯಾರೋ ಎತ್ತಿ, ಅಧ್ಯಕ್ಷರು ಬೆಳಿಗ್ಗೆಯೇ ಎಲ್ಲಿಗೋ ಹೋದರು, ಎಲ್ಲಿಗೆ ಎಂದು ಕೇಳುವುದು ಸರಿಯಲ್ಲ ಎಂದು ನಾವು ಕೇಳಲಿಲ್ಲ ಎಂದರು. ಅವಳು ರಿಸೀವರ್ ಇಟ್ಟು ತಲೆಯ ಮೇಲೆ ಕೈಹೊತ್ತು ಕೂತಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಪ್ಪ ಬೂಟಿನ ಸದ್ದು. ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಎನ್ನುತ್ತಾರಲ್ಲ, ಆ ಬಳ್ಳಿ ಆರೂವರೆ ಅಡಿ ಎತ್ತರವಿತ್ತು, ಕಿವಿ ಮುಚ್ಚುವ ಟೋಪಿ ಹಾಕಿತ್ತು, ಕೈಯಲ್ಲಿ, ನಮ್ಮ ಕಡೆ ಬೇರೆಯವರ ಮನೆಗೆ ಒಯ್ಯುವ ಹಾಟ್‌ಡಿಶ್ ಎಂಬ ಬಿಸಿ ಅಡುಗೆಯ ಪಾತ್ರೆಯನ್ನು ಟವಲು ಸುತ್ತಿ ಹಿಡಿದಿತ್ತು. ಸಾಕ್ಷಾತ್ ಡಾಕ್ಟರ್ ಲೋವೆಲ್ ಟ್ವೈಟನ್.

ಟ್ವೈಟನ್: ಹೀಗೇ ಈ ಕಡೆ ಬಂದಿದ್ದೆ. ಕೆಳಗಡೆ ಅಂಗಡೀಲಿ ಒಂದು ಸ್ಕ್ರೂ ಬೇಕಿತ್ತು.

ಕಾನಿ: ನಿಮ್ಮೂರಿಂದ ಇಲ್ಲಿಗೆ ತೊಂಬತ್ತು ಮೈಲಿ!

ಟ್ವೈಟನ್: ತೊಂಬತ್ತೆರಡು. ಈಗೀಗ ಒಳ್ಳೆ ಸ್ಕ್ರೂ ಸಿಗೋದು ಕಷ್ಟ.

ಆರ್ಡಿಸ್ ಕಾಫಿ ಯಂತ್ರದ ಹತ್ತಿರ ಕಾನಿಯನ್ನು ಎಳೆದುಕೊಂಡು ಹೋದಳು. ಪಿಸುಮಾತು ನನ್ನ ಮೇಜಿನವರೆಗೂ ಕೇಳಿಸಿತು.

ಆರ್ಡಿಸ್: ಸ್ಕ್ರೂ ತರೋಕೆ ಹೋಗೋರು ಹೆಂಡತಿ ಕೈಲಿ ಹಾಟ್‌ಡಿಶ್ ಮಾಡಿಸ್ಕೊಂಡು ಬರ್ತಾರಾ?

ಕಾನಿ: ಅಂದ್ರೆ ಅವರಿಗೆ ಇಷ್ಟ ಇದೆ ಅಂತಾನಾ? ಈಗಲೇ ಕೇಳಿಬಿಡ್ತೀನಿ.

ಆರ್ಡಿಸ್: ಈಗಲೇ ಹೇಗೆ ಕೇಳ್ತೀರಿ? ಇನ್ನೂ ಹಿಮದ ಮಾತೇ ಆಗಿಲ್ಲ.

ಕಾನಿ: ಐದು ಗಂಟೆಗೆ ನಾವು ಸಾಯ್ತೀವಿ, ಆರ್ಡಿಸ್!

ಕಾನಿ ನೇರ ಬಂದು ಅವರೆದುರಿಗೆ ಕುರ್ಚಿ ಎಳೆದು ಕೂತಳು.

ಕಾನಿ: ಡಾಕ್ಟರ್, ನೀವು ನಮ್ಮ ಒಕ್ಕೂಟಕ್ಕೆ ಬರ್ತೀರೋ, ಇಲ್ವೋ?

ಟ್ವೈಟನ್ ಅವರ ಕಿವಿ ಕೆಂಪಾಯಿತು. ಮುಂದೇನು ಮಾಡಬೇಕೆಂದು ಟೋಪಿಯೊಳಗೆ ಬರೆದಿದೆಯೋ ಎಂಬಂತೆ ಅದರೊಳಕ್ಕೆ ನೋಡಿದರು.

ಟ್ವೈಟನ್: ಈ ಸಲ ಹಿಮ ಕರಗೋದು ತಡ ಆಯ್ತು.

ಆರ್ಡಿಸ್: ಹೋದ ವರ್ಷಕ್ಕಿಂತ ಪರವಾಗಿಲ್ಲ.

ಟ್ವೈಟನ್: ಹೋದ ವರ್ಷಕ್ಕಿಂತ ಪರವಾಗಿಲ್ಲ. ಅದರ ಹಿಂದಿನ ವರ್ಷಕ್ಕಿಂತ ಪರವಾಗಿಲ್ಲ ಅಂತ ಹೇಳೋ ಹಾಗಿಲ್ಲ.

ಆರ್ಡಿಸ್: ಹಾಗೆ ಹೇಳೋ ಹಾಗಿಲ್ಲ.

ಅಭ್ಯಾಸಬಲದಿಂದ ನಾನು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದೆ. ಕಾನಿಯ ಕೇಳಿಕೆ: ಫೋನಿನದು ಒಂದು, ಈಗಿನದು ಫೌಲ್, ಲೆಕ್ಕಕ್ಕಿಲ್ಲ. ಹಿಮ: ಹದಿನೆಂಟು ನಿಮಿಷ. ಆರ್ಡಿಸಳ ತಂಗಿಯ ಮೊಣಕಾಲು: ಆರು ನಿಮಿಷ. ಕಾನಿ ಗಡಿಯಾರ ನೋಡಿದ್ದು: ಹನ್ನೊಂದು ಸಲ. ಆಮೇಲೆ ಕಾಫಿ.

ಆರ್ಡಿಸ್: ಕಾಫಿ ಕೊಡ್ಲಾ?

ಟ್ವೈಟನ್: ಬೇಡ ಬೇಡ.

ಕಾನಿ: ಬೇಡ್ವಂತೆ. ಸರಿ, ವಿಷಯಕ್ಕೆ ಬರೋಣ.

ಆರ್ಡಿಸ್: ಸ್ವಲ್ಪ ತಗೊಳಿ, ಬಿಸಿಯಾಗಿದೆ.

ಟ್ವೈಟನ್: ನನಗೋಸ್ಕರ ಯಾಕೆ ಮಾಡ್ತೀರಿ?

ಕಾನಿ: ನೋಡಿ, ಎರಡು ಸಲ ಬೇಡ ಅಂದ್ರು!

ಆರ್ಡಿಸ್: ಮಾಡಿಟ್ಟಿದೀನಿ, ಸುಮ್ನೆ ಚೆಲ್ಲಬೇಕಾಗತ್ತೆ.

ಟ್ವೈಟನ್: ಚೆಲ್ಲೋದೇ ಆದ್ರೆ ಅರ್ಧ ಕಪ್ಪು ಕೊಡಿ.

ಅವರು ಮೂರು ಕಪ್ಪು ಕುಡಿದರು. ಕಾನಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಎಂಟು ತಿಂಗಳಲ್ಲಿ ತನ್ನ ಮನೆಗೆ ಬಂದವರೆಲ್ಲ ಯಾಕೆ ಒಣಗಂಟಲಿನಲ್ಲಿ ಎದ್ದುಹೋದರು ಎಂಬುದು ಅವಳಿಗೆ ಆಗ ಹೊಳೆದಿರಬೇಕು. ಗಂಟಲು ಸರಿಮಾಡಿಕೊಂಡು, ಗಾಜಿನ ಪಾತ್ರೆ ಎತ್ತುವವಳಂತೆ ಮೆಲ್ಲಗೆ ಶುರುಮಾಡಿದಳು.

ಕಾನಿ: ಡಾಕ್ಟರ್ ಟ್ವೈಟನ್, ನಿಮ್ಮಂಥ ಕಾಲೇಜು ನಮ್ಮ ಜೊತೆ ಇದ್ರೆ ಎಷ್ಟು ಚೆನ್ನ ಅಂತ ನಾವು ಯಾವಾಗಲೂ ಅಂದ್ಕೊತಿರ್ತೀವಿ.

ಆರ್ಡಿಸ್ ಕಣ್ಣಲ್ಲೇ ಮೆಚ್ಚಿದಳು. ನಾನು 'ಎರಡು' ಎಂದು ಬರೆದುಕೊಂಡೆ.

ಟ್ವೈಟನ್: ಅಯ್ಯೋ, ನಮ್ಮದೇನು ಮಹಾ ಕಾಲೇಜು. ನಮ್ಮ ಹುಡುಗರು ಹೇಳಿಕೊಳ್ಳೋ ಹಾಗೇನೂ ಆಡಲ್ಲ.

ಕಾನಿ: ಅಷ್ಟು ಕೆಟ್ಟದಾಗಿ ಆಡ್ತಾರಾ?

ಟ್ವೈಟನ್: ಏನೋ, ಚೆಂಡು ಎತ್ಕೊಂಡು ಓಡ್ತಾರೆ. ಒಂದೊಂದು ಸಲ ಸರಿಯಾದ ಕಡೆಗೇ ಓಡ್ತಾರೆ.

ಕಾನಿ: ಎರಡು ವರ್ಷದಿಂದ ಒಂದೂ ಪಂದ್ಯ ಸೋತಿಲ್ಲ ಅಂತ ನಮ್ಮ ಹಾಳೇಲಿ ಇದೆಯಲ್ಲ!

ಟ್ವೈಟನ್: ಹಾಳೆ ಬರೆಯೋರು ದೊಡ್ಡ ಮನಸ್ಸಿನೋರು.

ಕಾನಿ: ಎಲ್ರಾಯ್! ಏನ್ರೀ ಇದು? ಟೋರ್ಸೆನ್ ಅಂಕಿ ಅಂಶ ಎಲ್ಲಾ ತಪ್ಪು ಬರೆದಿದೀರಾ?

ಹದಿನೇಳು ವರ್ಷದಲ್ಲಿ ಒಂದು ಅಂಕಿಯೂ ತಪ್ಪದ ನನಗೆ ಮೈ ಉರಿಯಿತು. ಟೋರ್ಸೆನ್ ತಂಡದ ಹೆಸರು 'ಹೋರಾಡುವ ಪಾದ್ರಿಗಳು'. ಹೆಸರು ನೋಡಿ ನಗಬೇಡಿ. ಹೋದ ಅಕ್ಟೋಬರಿನಲ್ಲಿ ಅವರು ನಮ್ಮ ಕೃಷಿ ಕಾಲೇಜಿನ 'ಕೆಂಪು ಆಲೂಗಡ್ಡೆಗಳು' ತಂಡವನ್ನು ಸಿಪ್ಪೆ ಸಮೇತ ಹಿಸುಕಿ ಕಳಿಸಿದ್ದರು. ಆದರೆ ಅಧ್ಯಕ್ಷರ ಮುಖದೆದುರಿಗೆ "ನಿಮ್ಮವರು ಚೆನ್ನಾಗಿ ಆಡುತ್ತಾರೆ" ಎಂದರೆ ಅವರಿಗೆ ಅವಮಾನ. ನಾನೂ ಈ ಊರಿನವನೇ ತಾನೇ, ಬಾಯಿ ಮುಚ್ಚಿಕೊಂಡೆ.

ಕಾನಿ: ಹೆಣ್ಣುಮಕ್ಕಳ ವಾಲಿಬಾಲಾದ್ರೂ?

ಟ್ವೈಟನ್: ಪಾಪ, ಪ್ರಯತ್ನ ಪಡ್ತಾರೆ.

ಕಾನಿ: ಹಾಗಿದ್ರೆ ಕಷ್ಟ ಆಗತ್ತಲ್ಲ ಡಾಕ್ಟರ್. ನಮ್ಮಲ್ಲಿ ಸ್ವಲ್ಪ ಬಿರುಸಾದ ಆಟ. ನಿಮ್ಮ ಮಕ್ಕಳು ನಮ್ಮ ಮಟ್ಟಕ್ಕೆ ಬರೋಕೆ ಒಂದೆರಡು ವರ್ಷ ಬೇಕೇನೋ.

ಆರ್ಡಿಸ್ ಕಾಫಿ ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮತೊಡಗಿದಳು. ಟ್ವೈಟನ್ ನಿಧಾನವಾಗಿ ತಲೆಯಾಡಿಸಿದರು.

ಟ್ವೈಟನ್: ಬೇಕಾಗಬಹುದು. ಇರಬಹುದು.

ಕಾನಿ: ಅಯ್ಯೋ, ಬೇಡ ಅಂತಲ್ಲ! ನೀವು ಎಷ್ಟೇ ಕೆಟ್ಟದಾಗಿ ಆಡಿದ್ರೂ ಪರವಾಗಿಲ್ಲ!

ಟ್ವೈಟನ್: ನಿಮ್ಮದು ದೊಡ್ಡ ಮನಸ್ಸು.

ಇಷ್ಟು ಹೇಳಿ ಅವರು ಎರಡೂ ಅಂಗೈಯಿಂದ ತೊಡೆ ತಟ್ಟಿಕೊಂಡು "ಸರಿ ಹಾಗಾದ್ರೆ" ಎಂದು ಎದ್ದರು. ಗಂಟೆ ನಾಲ್ಕು ಹೊಡೆದಿತ್ತು. ಕಾನಿ ನನ್ನ ಮೇಜಿಗೆ ಒರಗಿದಳು. ಆ ಮುಖ ನೋಡಿ, ಆಗತಾನೇ ಬೈಸಿಕೊಂಡಿದ್ದ ನನಗೂ ಅಯ್ಯೋ ಎನಿಸಿತು.

ಕಾನಿ: ಮುಗೀತು. ಎದ್ದು ಹೊರಟ್ರು. ನನ್ನ ಬಾಯಿಗೆ ಬೆಂಕಿ ಬೀಳ.

ಆರ್ಡಿಸ್: ಹೊರಟಿಲ್ಲ ಕಾನಿ. ಹೊರಡೋಕೆ ಶುರು ಮಾಡಿದಾರೆ ಅಷ್ಟೆ. ಇನ್ನೂ ಮುಕ್ಕಾಲು ಗಂಟೆ ಇದೆ.

ಕಾನಿ: ಮುಕ್ಕಾಲು ಗಂಟೆನಾ? ಬಾಗಿಲು ಆರು ಹೆಜ್ಜೆ ದೂರ ಇದೆ!

ಆರ್ಡಿಸ್: ಕುರ್ಚಿ ಹತ್ತಿರ ಸ್ವಲ್ಪ ಹೊತ್ತು, ಕೋಟು ಹಾಕ್ಕೊಳೋವಾಗ ಸ್ವಲ್ಪ, ಬಾಗಿಲಲ್ಲಿ ಸ್ವಲ್ಪ, ಮೆಟ್ಟಿಲ ಕೆಳಗೆ ಸ್ವಲ್ಪ. ಆಮೇಲೆ ಕಾರಿನ ಕಿಟಕಿ. ಮುಖ್ಯವಾದ ಮಾತೆಲ್ಲ ಕಾರಿನ ಕಿಟಕೀಲೇ ಆಗೋದು. ನನ್ನ ಮದುವೆ ಮಾತೂ ಅಲ್ಲೇ ಆಗಿದ್ದು.

ಕಾನಿ: ಯಾರ ಕಾರು?

ಆರ್ಡಿಸ್: ಅಪ್ಪನದು. ಹುಡುಗ ಹೊರಗೆ ನಿಂತಿದ್ದ. ಜನವರಿ ತಿಂಗಳು. ಅವನಿಗೆ ಎಡಗಿವಿ ಈಗಲೂ ಸರಿಯಾಗಿ ಕೇಳಲ್ಲ.

ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಟ್ವೈಟನ್ ಜೋಳದ ಬೆಳೆಯ ಬಗ್ಗೆ ಮಾತಾಡಿದರು. ಬಾಗಿಲಲ್ಲಿ ನಿಂತು, ಕೀಲಿಗೆ ಎಣ್ಣೆ 'ಬಿಟ್ಟರೂ ಬಿಡಬಹುದು' ಎಂದು ಸೂಚಿಸಿದರು. ಮೆಟ್ಟಿಲ ಕೆಳಗೆ ತೀರಿಹೋದವರೊಬ್ಬರನ್ನು ನೆನೆಸಿಕೊಂಡರು. ನಾಲ್ಕೂ ಮೂವತ್ತೆರಡಕ್ಕೆ ಕಾರಿನಲ್ಲಿ ಕೂತು ಕಿಟಕಿ ಇಳಿಸಿದರು. ನಾವು ಮೂವರೂ ರಸ್ತೆಯ ಮಂಜುಗಡ್ಡೆಯ ಮೇಲೆ ನಿಂತಿದ್ದೆವು. ಕಾನಿ ಕೋಟು ಹಾಕಿಕೊಳ್ಳಲು ಮರೆತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು.

ಟ್ವೈಟನ್: ಸರಿ, ಬರ್ತೀನಿ ಹಾಗಾದ್ರೆ.

ಆರ್ಡಿಸ್ ಕಾನಿಯ ಬೆನ್ನಿಗೆ ಒಂದು ಬೆರಳು ಒತ್ತಿದಳು.

ಕಾನಿ: ಡಾಕ್ಟರ್ ಟ್ವೈಟನ್, ನನಗೆ ಈ ಉಪಚಾರದ ಮಾತು ಬರಲ್ಲ. ನಮ್ಮ ಮನೇಲಿ ಊಟಕ್ಕೆ ಬನ್ನಿ ಅಂತ ಒಂದೇ ಸಲ ಹೇಳ್ತಾರೆ. ಬರ್ದಿದ್ರೆ ನಮ್ಮಮ್ಮ ಅವರ ಬೀದಿಗೇ ಹೋಗಿ ಬೈದು ಬರ್ತಾಳೆ. ಒಳಗಡೆ ನಾನೇನೇನೋ ಅಂದುಬಿಟ್ಟೆ, ಅದನ್ನ ಮನಸ್ಸಲ್ಲಿ ಇಟ್ಕೋಬೇಡಿ. ಹತ್ತು ಕಾಲೇಜು ಸುತ್ತಿದೆ, ಯಾರಿಗೂ ನಾವು ಬೇಡ. ನಮ್ಮ ಮಕ್ಕಳು ಬೆಳಿಗ್ಗೆ ಐದಕ್ಕೆ ಎದ್ದು ಈ ಹಾಳು ಹಿಮದಲ್ಲಿ ಓಡೋದನ್ನ ಎಂಟು ತಿಂಗಳಿಂದ ನೋಡ್ತಿದೀನಿ. ನನ್ನ ದೆಸೆಯಿಂದ ಅವರ ಆಟ ನಿಂತುಹೋಗಬಾರ್ದು. ನನಗೆ ಈ ಕೆಲಸ ಇಷ್ಟ. ನನಗೆ ಈ ಊರೂ ಇಷ್ಟ, ಯಾಕೆ ಅಂತ ದೇವರಿಗೇ ಗೊತ್ತು. ನೀವು ಬನ್ನಿ. ದಯವಿಟ್ಟು ಬನ್ನಿ.

ಅಷ್ಟೊಂದು ಮನಸ್ಸು ಬಿಚ್ಚಿ ಮಾತಾಡುವುದನ್ನು ಎಲ್ಕ್ ಸ್ಲೂ ಬೀದಿಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯವನು ನಾಚಿಕೊಂಡು ಒಳಗೆ ಹೋದ. ನನ್ನ ಕಣ್ಣಲ್ಲೂ ನೀರು ಬಂತು, ಚಳಿಗೆ ಎಂದು ಎಲ್ಲರಿಗೂ ಹೇಳಿದ್ದೇನೆ.

ಟ್ವೈಟನ್: ಅಷ್ಟು ಹೇಳ್ತೀರಿ ಅಂದ್ಮೇಲೆ... ನಿಮಗೇನೂ ತೊಂದ್ರೆ ಇಲ್ಲ ಅನ್ನೋದಾದ್ರೆ... ಆಗಬಹುದೇನೋ.

ಕಾನಿ: ಆಗಬಹುದೇನೋ ಅಂದ್ರೆ ಏನು? ಹೂಂ ಅಂತಾನಾ, ಉಹೂಂ ಅಂತಾನಾ?

ಆರ್ಡಿಸ್: ಕುಣಿದಾಡ್ತಿದಾರೆ ಅಂತ. ಕಾಣಿಸ್ತಿಲ್ವಾ?

ಟ್ವೈಟನ್ ಕಾರಿನೊಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದು ಕಿಟಕಿಯಿಂದ ಚಾಚಿದರು. ಒಕ್ಕೂಟ ಸೇರುವ ಅರ್ಜಿ. ಎಲ್ಲ ಕಡೆ ತುಂಬಿತ್ತು. ಅಧ್ಯಕ್ಷರ ಸಹಿ, ಆಡಳಿತ ಮಂಡಳಿಯ ಏಳೂ ಜನರ ಸಹಿ, ಕಾಲೇಜಿನ ಮೊಹರು. ಕೆಳಗೆ ತಾರೀಕು ಮಾರ್ಚ್ ಆರು.

ಕಾನಿ: ಮಾರ್ಚ್ ಆರಾ? ನಾನು ಫೋನ್ ಮಾಡಿದ್ದೇ ಅವತ್ತು!

ಟ್ವೈಟನ್: ಹೌದು. ನೀವು ಫೋನಿಟ್ಟ ತಕ್ಷಣ ಮಂಡಳಿಯೋರನ್ನ ಕರೆದೆ. ಎಲ್ಲರಿಗೂ ಬಹಳ... ಪರವಾಗಿಲ್ಲ ಅನ್ನಿಸ್ತು.

ಕಾನಿ: ಮೂರು ವಾರದಿಂದ ಇದನ್ನ ಕಾರಲ್ಲಿ ಇಟ್ಕೊಂಡು ತಿರುಗ್ತಿದೀರಾ? ಯಾಕ್ರೀ ಕಳಿಸ್ಲಿಲ್ಲ?

ಟ್ವೈಟನ್: ನೀವು ಇನ್ನೊಂದು ಸಲ ಕೇಳಲಿಲ್ಲ. ಮನಸ್ಸು ಬದಲಾಯ್ತೇನೋ, ನಾವಾಗಿ ಮೈಮೇಲೆ ಬೀಳೋದು ಹೇಗೆ ಅಂತ ಸುಮ್ನಿದ್ದೆ. ಹೋದ ಮಂಗಳವಾರನೂ ಸ್ಕ್ರೂಗೆ ಅಂತ ಬಂದಿದ್ದೆ. ನೀವು ಊಟಕ್ಕೆ ಹೋಗಿದ್ರಿ.

ಕಾನಿ ಆ ಕಾಗದ ಹಿಡಿದು ಮೆಟ್ಟಿಲು ಹತ್ತಿದ ವೇಗ ನೋಡಿದರೆ ಅವಳನ್ನೇ ಯಾವುದಾದರೂ ತಂಡಕ್ಕೆ ಸೇರಿಸಬಹುದಿತ್ತು. ನಮ್ಮ ಸ್ಕ್ಯಾನರ್ ಬಿಸಿಯಾಗಲು ಏಳು ನಿಮಿಷ ತೆಗೆದುಕೊಳ್ಳುತ್ತದೆ. ಕಾನಿ ಅದಕ್ಕೆ ಇಟಾಲಿಯನ್ ಭಾಷೆಯಲ್ಲಿ ಏನೇನೋ ಹೇಳಿದಳು. ನಾಲ್ಕೂ ಐವತ್ತಕ್ಕೆ ಅರ್ಜಿ ಹೋಯಿತು, ಐವತ್ತೆರಡಕ್ಕೆ ರಾಷ್ಟ್ರೀಯ ಸಂಘದಿಂದ ಉತ್ತರ ಬಂತು: ಸ್ವೀಕರಿಸಲಾಗಿದೆ, ಸದಸ್ಯ ಕಾಲೇಜುಗಳು ಆರು. ಕಾನಿ ಕುಣಿದು ಆರ್ಡಿಸಳನ್ನು ತಬ್ಬಿಕೊಂಡಳು. ಆರ್ಡಿಸ್ ಬೇಲಿಗೂಟದ ಹಾಗೆ ನಿಂತು, ಅವಳ ಬೆನ್ನನ್ನು ಎರಡು ಸಲ ತಟ್ಟಿದಳು. ಆಗಲೇ ಫೋನು ಹೊಡೆದುಕೊಂಡಿತು. ಬಿಟ್ಟುಹೋದ ಸೇಂಟ್ ಆಫ್ರಾ ಕಾಲೇಜಿನ ಮುಖ್ಯಸ್ಥೆ ಸಿಸ್ಟರ್ ಮಾರ್ಸೆಲ್ಲಾ. ಕಾನಿ ನಮಗೂ ಕೇಳುವಂತೆ ಸ್ಪೀಕರ್ ಹಾಕಿದಳು.

ಸಿಸ್ಟರ್: ಕಾನಿ, ತೊಂದರೆ ಕೊಡಬೇಕು ಅಂತಲ್ಲಮ್ಮಾ. ಮುಂದಿನ ವರ್ಷದ ಪಂದ್ಯಗಳ ಪಟ್ಟಿ ಯಾವಾಗ ಬರತ್ತೆ? ನಮ್ಮ ಹುಡುಗಿಯರಿಗೆ ಬಸ್ಸು ಗೊತ್ತು ಮಾಡ್ಬೇಕಿತ್ತು.

ಕಾನಿ: ಸಿಸ್ಟರ್, ನೀವು ಒಕ್ಕೂಟ ಬಿಟ್ಟು ಹೋಗಿದೀರಲ್ಲ!

ಸಿಸ್ಟರ್: ಎಲ್ಲಿಗೆ?

ಕಾನಿ: ಎಲ್ಲಿಗೆ ಅಂತ ನನ್ನ ಕೇಳ್ತೀರಾ? ಜನವರೀಲಿ ನೀವೇ ಫೋನ್ ಮಾಡಿ, "ನಾವು ನಿಮಗೆಲ್ಲ ಭಾರ ಆಗ್ತಿದೀವೇನೋ, ಹೊರಟುಹೋಗೋದೇ ವಾಸಿ" ಅಂದ್ರಿ!

ಸಿಸ್ಟರ್: ಅಂದೆ. ಹಿಂದಿನ ದಿನ ನಮ್ಮ ಬಾಸ್ಕೆಟ್‌ಬಾಲ್ ತಂಡ ನಲವತ್ತೊಂದು ಅಂಕದ ಅಂತರದಲ್ಲಿ ಸೋತಿತ್ತು. ಮನಸ್ಸಿಗೆ ಪಿಚ್ಚೆನಿಸಿತ್ತು. "ಹಾಗೆಲ್ಲ ಅನ್ಬೇಡಿ ಸಿಸ್ಟರ್" ಅಂತೀರೇನೋ ಅಂತ ಕಾದೆ.

ಕಾನಿ: ನಾನು "ನಿಮ್ಮ ನಿರ್ಧಾರವನ್ನ ಗೌರವಿಸ್ತೀನಿ" ಅಂದೆ!

ಸಿಸ್ಟರ್: ಅಂದ್ರಿ. ಅದೇನು ಅಂತ ನಮಗೆ ಗೊತ್ತಾಗ್ಲಿಲ್ಲ.

ಕಾನಿ: ಕೇಕ್ ಕಳಿಸಿದೆ! ಅದರ ಮೇಲೆ 'ಮುಂದಿನ ದಾರಿಗೆ ಶುಭವಾಗಲಿ' ಅಂತ ಬರೆಸಿದ್ದೆ!

ಸಿಸ್ಟರ್: ಅದು ಶನಿವಾರದ ಪಂದ್ಯಕ್ಕೆ ಅಂದ್ಕೊಂಡ್ವಿ. ಮೂವತ್ತು ಮೈಲಿ ದಾರಿ ಇತ್ತಲ್ಲ. ಬಹಳ ಚೆನ್ನಾಗಿತ್ತು ಕೇಕು. ಕೊನೇ ತುಂಡು ಇನ್ನೂ ಫ್ರೀಜರಲ್ಲಿದೆ. ಯಾರೂ ತಗೋತಿಲ್ಲ.

ಕಾನಿ: ನೀವು ಬಿಟ್ಟುಹೋದ ಸುದ್ದಿ ಪೇಪರಲ್ಲೂ ಬಂತಲ್ಲ!

ಸಿಸ್ಟರ್: ನೋಡಿದ್ವಿ. ಯಾರೋ ಪಾಪ ತಪ್ಪು ಬರೆದಿದಾರೆ. ಹೇಳಿದ್ರೆ ಅವರಿಗೆ ಮುಜುಗರ ಆಗತ್ತೆ ಅಂತ ಸುಮ್ನಿದ್ವಿ. ಸರಿ ಹಾಗಾದ್ರೆ...

ಅವರ 'ಸರಿ ಹಾಗಾದ್ರೆ' ಮುಗಿಯಲು ಹನ್ನೆರಡು ನಿಮಿಷ ಹಿಡಿಯಿತು. ಫೋನಿಟ್ಟ ಕಾನಿ ಆರ್ಡಿಸಳ ಕಡೆಗೆ ತಿರುಗಿದಳು.

ಕಾನಿ: ನಿಮಗಿದು ಮೊದಲೇ ಗೊತ್ತಿತ್ತಾ?

ಆರ್ಡಿಸ್: ಅನುಮಾನ ಇತ್ತು.

ಕಾನಿ: ಯಾಕೆ ಹೇಳ್ಲಿಲ್ಲ?

ಆರ್ಡಿಸ್: ಹೇಳಿದ್ನಲ್ಲ. ನೀವು ಕೇಕಿಗೆ ಫೋನ್ ಮಾಡ್ತಿದ್ದಾಗ "ಇಷ್ಟು ಬೇಗ ಕೇಕಾ" ಅಂದೆ.

ಕಾನಿ: ನಾನು ಬೇಕರಿ ತೆರೆದಿರಲ್ಲ ಅಂತಿದೀರಿ ಅಂದ್ಕೊಂಡೆ! ನೇರವಾಗಿ ಹೇಳೋಕೆ ಏನಾಗಿತ್ತು?

ಆರ್ಡಿಸ್: ಅದು ನೇರವಾಗಿ ಹೇಳಿದ್ದೇ. ಆಮೇಲೆ ಎಷ್ಟು ದಿನ ಸಂಕೋಚ ಆಯ್ತು ಗೊತ್ತಾ ನನಗೆ?

ಕಾನಿ: ಮೂರು ತಿಂಗಳು ನಿದ್ದೆ ಇಲ್ಲ! ಹತ್ತು ಕಾಲೇಜಿನ ಬಾಗಿಲು ಬಡಿದು ಉಗಿಸಿಕೊಂಡೆ! ಬಿಟ್ಟುಹೋಗದೇ ಇರೋರ ಜಾಗಕ್ಕೆ, ಕರೆದ ದಿನವೇ ಸಹಿ ಹಾಕಿದೋರನ್ನ, ಬೀದೀಲಿ ನಿಂತು ಅತ್ತು ಕರೆದೆ! ಸಾಕಾಯ್ತು. ನಾನು ರಾಜೀನಾಮೆ ಕೊಡ್ತೀನಿ!

ಆರ್ಡಿಸ್ ಫೈಲಿನಿಂದ ತಲೆ ಎತ್ತಲಿಲ್ಲ.

ಆರ್ಡಿಸ್: ಒಂದು.

ಕಾನಿ: ತಮಾಷೆ ಮಾಡ್ತಿಲ್ಲ ನಾನು. ನಿಜವಾಗ್ಲೂ ಹೊರಟುಹೋಗ್ತೀನಿ.

ಆರ್ಡಿಸ್: ಎರಡು.

ಕಾನಿ ಬಾಯಿ ತೆರೆದಳು. ನಾನು ಪೆನ್ನು ಎತ್ತಿ ಹಿಡಿದು ಕಾದೆ. ಆರ್ಡಿಸ್ ಕೂಡ ಈಗ ತಲೆ ಎತ್ತಿ ನೋಡುತ್ತಿದ್ದಳು, ಅವಳ ಕೈ ಕನ್ನಡಕದ ಹತ್ತಿರ ಹೋಗಿತ್ತು. ಕಾನಿ ಅದನ್ನು ನೋಡಿದಳು. ತೆರೆದ ಬಾಯಿ ಹಾಗೇ ಮುಚ್ಚಿತು. ಕುರ್ಚಿ ಎಳೆದುಕೊಂಡು ಕೂತು, ಮುಂದಿನ ವರ್ಷದ ಖಾಲಿ ಪಟ್ಟಿಯನ್ನು ಎದುರಿಗೆ ಹರಡಿದಳು.

ಕಾನಿ: ಏಳು ಕಾಲೇಜು ಆದ್ರೆ ಪ್ರತಿ ಶನಿವಾರ ಒಂದು ತಂಡ ಆಟ ಇಲ್ದೆ ಸುಮ್ನೆ ಕೂರ್ಬೇಕಾಗತ್ತೆ. ಮೊದಲನೇ ವಾರ ಯಾರು ಕೂರ್ತೀರಿ ಅಂತ ಎಲ್ಲರಿಗೂ ಫೋನ್ ಮಾಡಿ ಕೇಳಿಬಿಡಿ.

ಆರ್ಡಿಸ್: ಕೇಳೋದೇನೋ ಕೇಳ್ತೀನಿ. ಏಳೂ ಕಾಲೇಜಿನೋರು "ನಾವೇ ಕೂರ್ತೀವಿ, ಬೇರೆಯೋರು ಆಡ್ಲಿ ಬಿಡಿ" ಅಂತಾರೆ.